ಟಿಕೆಟ್ಟಿಲ್ಲದೆ ಕುಳಿತ ಚೀಲ

ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಓಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಮುದುಕನು ವಿನೋದವನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಂದು ತೊಡೆಯ ಮೇಲೆ ಕೂರುತ್ತದೆ. ಇದು ಅಲಂಕಾರದ ಮಾತಲ್ಲ. ನಿಂತ ವಿದ್ಯಾರ್ಥಿಗಳ ಚೀಲಗಳನ್ನು ಕುಳಿತವರು ತೊಡೆಯ ಮೇಲಿರಿಸಿಕೊಳ್ಳುವುದು ನಮ್ಮ ಕಡೆಯ ಬಸ್ಸುಗಳ ಧರ್ಮ. ನಿವೃತ್ತನಾದ ಮೇಲೂ ಹಳಗನ್ನಡ ಪಾಠಕ್ಕೆಂದು ನರಸೀಪುರದ ಕಾಲೇಜೊಂದಕ್ಕೆ ಹೋಗಿಬರುವ ನನ್ನ ತೊಡೆ ಹೀಗೆ ಅನೇಕ ಚೀಲಗಳಿಗೆ ಪೀಠವಾಗಿದೆ. ಮುಖ ಒಂದು ಹೇಳಿದರೆ ಚೀಲ ಇನ್ನೊಂದು ಹೇಳುತ್ತದೆಂಬುದನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ.

ಹೂವಿನಷ್ಟು ಹಗುರ

ತಗಡೂರಿನ ಹುಡುಗನೊಬ್ಬನ ಚೀಲ ಹೊಟ್ಟೆ ಬಿರಿಯುವಂತೆ ಉಬ್ಬಿತ್ತು. ತೂಕ ಮಾತ್ರ ಹೂವಿನಷ್ಟು.

"ಏನಪ್ಪಾ, ಇದರಲ್ಲಿ ಪುಸ್ತಕಗಳಿಲ್ಲವೇ?" ಎಂದೆ.

"ದಿಂಬು ಸಾ," ಎಂದ, ಯಾವ ಸಂಕೋಚವೂ ಇಲ್ಲದೆ. "ಚೀಲ ಚಪ್ಪಟೆ ಆಗಿದ್ರೆ ನಮ್ಮವ್ವ ಒಲಕ್ಕೆ ಓಗು ಅಂತದೆ. ಉಬ್ಬಿದ್ರೆ ಕಾಲೇಜಿಗೆ ಓಗು ಅಂತದೆ. ಚರಿತ್ರೆ ಕ್ಲಾಸಲ್ಲಿ ತಲೆಗೆ ಇಟ್ಕಳಾಕೂ ಆಯ್ತದೆ."

"ನನ್ನ ತರಗತಿಯಲ್ಲಿ ಅದನ್ನು ಹೊರತೆಗೆದದ್ದು ಕಂಡಿಲ್ಲವಲ್ಲ?" ಎಂದು ಒಳಗೊಳಗೇ ಹಿಗ್ಗಿ ಕೇಳಿದೆ.

"ನಿಮ್ ಕ್ಲಾಸ್‌ಗೆ ದಿಂಬ್ಯಾಕ್ ಸಾ? ಬರೀ ಬೆಂಚಲ್ಲೇ ನಿದ್ದೆ ಬತ್ತದೆ."

ಭಾರವೇ ಪ್ರಮಾಣ

ಹೆಮ್ಮರಗಾಲದಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳದು ಇದಕ್ಕೆ ತದ್ವಿರುದ್ಧ. ಅವಳ ಕಪ್ಪು ಚೀಲ ತೊಡೆಗೆ ಬಂದೊಡನೆ ನನ್ನ ಮಂಡಿಗಳು ಮೊರೆಯಿಟ್ಟವು. ಜ್ಞಾನದ ಭಾರವೆಂದು ಮೆಚ್ಚಿ ವಿಚಾರಿಸಿದರೆ, ಅತ್ತಿತ್ತ ನೋಡಿ ಜಿಪ್ಪನ್ನು ತುಸುವೇ ಸರಿಸಿದಳು. ಮೇಲೆ ಒಂದೆರಡು ಪುಸ್ತಕ. ಕೆಳಗೆ ಬೂಟು, ಮಂಡಿಪಟ್ಟಿ, ಜೆರ್ಸಿ.

"ಕಬಡ್ಡಿ ಆಡ್ತೀನಿ ಸಾ. ನಮ್ಮಪ್ಪಂಗೆ ಗೊತ್ತಿಲ್ಲ. ಕಾಲು ಮುರ್ಕತ್ತೀಯ, ಆಟನೇ ಬ್ಯಾಡ ಅಂದ್ಬುಟ್ಟದೆ. ಬರೋ ಸುಕ್ರವಾರ ಮೈಸೂರಲ್ಲಿ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಷನ್ನು. ನಂದು ಫೈನಲ್ ಇಯರ್ರು, ಇದೇ ಕೊನೇ ಸಲ."

"ಮನೆಯಲ್ಲಿ ಈ ಚೀಲವನ್ನು ಯಾರೂ ನೋಡುವುದಿಲ್ಲವೇ?"

"ಬಿಚ್ಚಿ ನೋಡಲ್ಲ ಸಾ, ನಮ್ಮಪ್ಪ ದಿನಾ ಎತ್ತಿ ನೋಡ್ತದೆ. ಭಾರ ಇದ್ರೆ ಓದು ಜಾಸ್ತಿ ಅಂತ. ಬೂಟು ಸೇರ್ದಾಗ್ಲಿಂದ ನಾನು ಬೋ ಬುದ್ವಂತೆ ಆಗಿವ್ನಿ!"

ಪೀಠಾರೋಹಣ

ಆ ಶುಕ್ರವಾರ ಪಾಠ ಮುಗಿಸಿ ನರಸೀಪುರದ ನಿಲ್ದಾಣದಲ್ಲಿ ನಂಜನಗೂಡಿನ ಬಸ್ಸೇರಿ ಕುಳಿತಿದ್ದೆ. ಪಕ್ಕದಲ್ಲೇ ಮೈಸೂರಿನ ಬಸ್ಸು. ಎರಡರ ನಡುವೆ ಜನಸಾಗರ. ಕಿಟಕಿಯಿಂದ ಟವೆಲ್ಲನ್ನೋ ಚೀಲವನ್ನೋ ಒಳಗೆಸೆದರೆ ಆ ಸೀಟು ಎಸೆದವರದೆಂಬುದು ಎಲ್ಲರೂ ಒಪ್ಪಿದ ಕಾನೂನು. ಯಾರದೋ ಕೈ ನನ್ನ ಮುಂದಿನ ಸೀಟಿಗೆ, ಕಾಲೇಜಿನ ಅರ್ಧ ಮಕ್ಕಳ ಬೆನ್ನ ಮೇಲೆ ಕಾಣುವಂಥದೇ ಕಪ್ಪು ಚೀಲವೊಂದನ್ನು ಎಸೆದು ಮಾಯವಾಯಿತು. ಬಸ್ಸು ಹೊರಟಿತು, ಚೀಲದವರು ಬರಲಿಲ್ಲ.

ಆದರೂ ಅಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ! ಸಂತೆ ಮುಗಿಸಿ ಬಂದಿದ್ದ ಪಂಚೆಯ ರೈತನೊಬ್ಬ ಸೀಟಿನ ಕಂಬಿ ಹಿಡಿದು ಕಾವಲಿಗೇ ನಿಂತುಬಿಟ್ಟ. ಕೂರಲು ಬಂದವನೊಬ್ಬನನ್ನು, "ಕಣ್ ಕಾಣಾಕಿಲ್ವಾ? ಓದೋ ಮಕ್ಕಳ ಚೀಲ ಕಣ್ಲಾ, ಇಂದ್ಗಡೆ ಎಲ್ಲೋ ಅವ್ರೆ, ಬತ್ತಾರೆ," ಎಂದು ಗದರಿಸಿ ಅಟ್ಟಿದ.

ಕಂಡಕ್ಟರ್ ಬಂದ. "ಸೀಟಲ್ಲಿ ಕುಂತಿರೋರು ಟಿಕೆಟ್ ತಗೊಳ್ಳಿ. ಚೀಲಕ್ಕೆ ಯಾರು ತಗೊಳ್ತೀರಿ?"

ಹಿಂದಿನಿಂದ ಹೆಂಗಸೊಬ್ಬಳ ದನಿ: "ಎಣ್ಮಗಳ ಚೀಲ ಇದ್ದಾತು ಕಣಣ್ಣ. ಫ್ರೀ!"

"ಹಂಗಾದ್ರೆ ಆಧಾರ್ ತೋರಿಸ್ಲಿ," ಎಂದು ಕಂಡಕ್ಟರ್ ಚೀಲಕ್ಕೇ ಕೈ ನೀಡಿದ.

ಚೀಲ ಬಾಯಿ ಬಿಟ್ಟದ್ದು

ಬಸ್ಸೆಲ್ಲ ನಕ್ಕಿತು, ಆದರೆ ಆಧಾರ್ ಸಿಕ್ಕರೆ ಚೀಲದವರ ಗುರುತೂ ಸಿಕ್ಕೀತೆಂದು ಜಿಪ್ಪನ್ನು ತೆರೆಯಲಾಯಿತು. ಅಂದು ಅದರಲ್ಲಿ ಪುಸ್ತಕದ ಸುಳಿವೇ ಇಲ್ಲ. ಮೊದಲು ಹೊರಬಂದದ್ದು ಬೂಟು, ಆಮೇಲೆ ಮಂಡಿಪಟ್ಟಿ. ಇವನ್ನು ನಾನು ಮೊದಲೇ ಕಂಡಿದ್ದೆ. ಆ ಕಬಡ್ಡಿಯ ಹುಡುಗಿ ಎರಡು ಬಸ್ಸುಗಳ ನಡುವೆ ಕಿಟಕಿ ತಪ್ಪಿದ್ದಳು! ಅವಳು ಮೈಸೂರಿನತ್ತ, ಅವಳ ಬೂಟು ನಂಜನಗೂಡಿನತ್ತ.

ರೈತ ಬೂಟನ್ನು ಕೈಗೆತ್ತಿಕೊಂಡು ತಿರಸ್ಕಾರದಿಂದ ನೋಡಿದ. "ಯಾವನೋ ಪೋಲಿ ಉಡುಗಂದು. ಇಂತವು ಎಲ್ಲಿ ಓದ್ತವೆ ಸಾ? ನಮ್ ಎಮ್ಮರಗಾಲದಲ್ಲಿ ನನ್ ಮಗಳ ಚೀಲ ನೋಡ್ಬೇಕು ನೀವು. ದಿನಾ ಎತ್ತಿ ನೋಡ್ತೀನಲ್ಲ, ಏನ್ ಭಾರ ಅಂತೀರಿ, ಅಷ್ಟೂ ಪುಸ್ಕ!"

ಆ ಕ್ಷಣಕ್ಕೇ ಚೀಲದೊಳಗಿನ ಫೋನು ಹೊಡೆದುಕೊಳ್ಳಬೇಕೇ! ಆತನ ಕೈಗೆ ಸಿಗದಿರಲೆಂದು ನಾನೇ ಹಾರಿ ಹಿಡಿದೆ. ಕಿವಿ ಮಂದವಾದ್ದರಿಂದ ಯಾವ ಫೋನನ್ನಾದರೂ ಸ್ಪೀಕರಿಗೆ ಹಾಕುವುದು ನನ್ನ ಅಭ್ಯಾಸ. ಆ ಗಾಬರಿಯಲ್ಲೂ ಬೆರಳು ಅಭ್ಯಾಸವನ್ನು ಮರೆಯಲಿಲ್ಲ.

"ಅಲೋ, ಯಾರಣ್ಣ ನೀವು? ಆ ಚೀಲ ನಂದು!" ಬಸ್ಸಿಡೀ ಕೇಳುವಂತೆ ಅವಳ ದನಿ. "ಬ್ಯಾರೆಯವರ ಫೋನಿಂದ ಮಾಡ್ತಾವ್ನಿ. ಕಬಡ್ಡಿ ಸೆಲೆಕ್ಷನ್ ಅದೆ, ಬೂಟಿಲ್ದೆ ಕಣಕ್ಕೆ ಬಿಡಲ್ವಂತೆ. ನಿಮ್ ಕಾಲಿಗೆ ಬೀಳ್ತೀನಿ, ಎಂಗಾರ ಮಾಡಿ ಕಳ್ಸಿ…"

"ಮಗೂ, ಸ್ವಲ್ಪ ತಾಳು," ಎಂದೆ. ಅವಳು ತಾಳಲಿಲ್ಲ.

"ಆದ್ರೆ ಅಣ್ಣ, ಎಮ್ಮರಗಾಲದ ಕಡೆಯೋರು ಯಾರಾರ ಇದ್ರೆ ಯೋಳ್ಬೇಡಿ. ನಮ್ಮಪ್ಪಂಗೆ ಗೊತ್ತಾಗ್ಬಾರ್ದು. ಕೆಟ್ಟೋನಲ್ಲ ನಮ್ಮಪ್ಪ. ನಂಗೇನಾರ ಆಯ್ತದೆ ಅಂತ ಎದ್ರಿಕೆ ಅಷ್ಟೇಯ." ಅಷ್ಟು ಹೇಳಿ ಅತ್ತೇಬಿಟ್ಟಳು.

ರೈತ ಫೋನನ್ನು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದ ಬೂಟನ್ನು ನೋಡಿದ. ಅದನ್ನು ತಿರುಗಿಸಿದರೆ ಅಟ್ಟೆ ಸವೆದು ಹೆಬ್ಬೆರಳು ತೂರುವಷ್ಟು ತೂತು. "ಇದ್ನ ಆಕ್ಕಂಡು ಆಡುದ್ರೆ ಕಾಲು ಮುರೀದೆ ಇನ್ನೇನಾದಾತು?" ಎಂದು ಗೊಣಗಿ, ನನ್ನ ಕೈಯಿಂದ ಫೋನು ತೆಗೆದುಕೊಂಡ.

"ನಂಜನಗೂಡಲ್ಲಿ ಇಳ್ದು ಮೈಸೂರ್ ಬಸ್ ಅತ್ತೀನಿ. ಈ ಬೂಟು ಬ್ಯಾಡ, ಬ್ಯಾರೆದು ತತ್ತೀನಿ. ನಿನ್ ಕಾಲಿನ ನಂಬರ್ ಎಷ್ಟು?"

ಅತ್ತ ಕಡೆ ಅಳು ಥಟ್ಟನೆ ನಿಂತಿತು. ಆಮೇಲೆ, ಮೆಲ್ಲಗೆ: "…ಅಪ್ಪಾ?"

ಆತ ಬಸ್ಸಿನ ತುಂಬ ಒಮ್ಮೆ ಕಣ್ಣು ಹಾಯಿಸಿ, ಗಂಟಲು ಸರಿಪಡಿಸಿಕೊಂಡು ಗಂಭೀರವಾಗಿ ನುಡಿದ:

"ಅಳ್ಬೇಡ ಕಣವ್ವ. ನಿಮ್ಮಪ್ಪಂಗೆ ಇಲ್ಯಾರೂ ಯೋಳಾಕಿಲ್ಲ."