ತಾನೇ ಆರಿ ತಾನೇ ಹತ್ತುವ ಫೋನು

ಸಿಟ್ಟು ಮಾಡಿಕೊಂಡು ಕೂತ ಮನುಷ್ಯನಿಗೆ ಕೆಟ್ಟ ಫೋನಿನಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಎತ್ತದಿದ್ದರೂ ನಡೆಯುತ್ತದೆ, ತಿರುಗಿ ಹಚ್ಚದಿದ್ದರೂ ನಡೆಯುತ್ತದೆ, ತಪ್ಪೆಲ್ಲ ಫೋನಿನದು. ಅನುಭವದಿಂದಲೇ ಹೇಳುತ್ತಿದ್ದೇನೆ. ನಾಚಿಕೆಯೂ ಆಗುತ್ತಿದೆ. ಮನೆಯಲ್ಲಿ ಈ ಮಾತು ತೆಗೆದರೆ ನನ್ನ ಹೆಂಡತಿ ಶಾಂತಾಬಾಯಿ ನಡುವೆಯೇ ಎದ್ದು ಹೋಗುತ್ತಾಳೆ. ನೀವಾದರೂ ಕೂತು ಕೇಳಿ.

ನಾನು ಮಟಕಿಯವನು, ಆಳಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನನಗಿರುವುದು ಒಬ್ಬಳೇ ಅಕ್ಕ, ಗಂಗಮ್ಮ. ಅವಳನ್ನು ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟಿದ್ದಾರೆ. ನಾಲ್ಕು ವರ್ಷದ ಹಿಂದೆ ಅವಳ ಮಗಳ ಮದುವೆಯಲ್ಲಿ ಆಯೇರಿ ಓದಿದರು. ಅಂದರೆ ಯಾರು ಯಾರು ಏನೇನು ಬಟ್ಟೆಬರೆ ತಂದರೆಂದು ಮೈಕಿನಲ್ಲಿ ಕೂಗಿದರು. ಸೋದರಮಾವನಾದ ನನ್ನ ಹೆಸರು ಮೊದಲು ಬರಬೇಕು. ಬಂದದ್ದು ನಾಲ್ಕನೆಯದಾಗಿ, ಯಾರೋ ಗೊಬ್ಬರದ ಅಂಗಡಿಯವನ ಹೆಸರಾದ ಮೇಲೆ. ಹೆಸರಿನ ಹಿಂದೆ ‘ಮಾಸ್ತರ’ ಎಂದೂ ಸೇರಿಸಲಿಲ್ಲ. ಮೈಕು ಹಿಡಿದವನು ಆ ಊರಿನವನೂ ಅಲ್ಲ, ಚೀಟಿ ಬಂದ ಹಾಗೆ ಓದಿದ್ದಾನೆ ಎಂದು ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ನಾನು ಉಣ್ಣದೆ ಬಸ್ಸು ಹತ್ತಿಯಾಗಿತ್ತು. ಅಕ್ಕ ತಾನಾಗಿ ಮಾತಾಡಿಸುವವರೆಗೂ ನಾನು ಬಾಯಿ ಬಿಡುವವನಲ್ಲ ಎಂದು ಹಟ ಹಿಡಿದೆ. ಅಕ್ಕನೂ ನಮ್ಮಪ್ಪನ ಮಗಳೇ. ನಾಲ್ಕು ವರ್ಷ ಇಬ್ಬರೂ ಜಗ್ಗಲಿಲ್ಲ.

ಈ ವರ್ಷ ಅವಳ ಗಂಟಲಲ್ಲಿ ಗಡ್ಡೆಯಾಯಿತು. ಕಲಬುರಗಿಯ ದವಾಖಾನೆಯಲ್ಲಿ ಸೋಮವಾರ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ, ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ಅವಳ ಮಗ ಮಲ್ಲಿನಾಥ ಬುಧವಾರ ಶಾಂತಾಬಾಯಿಯ ಫೋನಿಗೆ ಇಷ್ಟು ಹೇಳಿದ. ಗುರುವಾರ ನನ್ನ ಫೋನಿನಲ್ಲಿ ‘ಅಕ್ಕ’ ಎಂದು ಬಂತು.

ಎಡಗೈಯಲ್ಲಿ ತಂಬಾಕು ತಿಕ್ಕುತ್ತಿದ್ದೆ, ಸುಣ್ಣ ಹತ್ತಿದ ಬೆರಳಲ್ಲೇ ಫೋನು ಹಿಡಿದೆ. ಆದರೆ ಎತ್ತಲಿಲ್ಲ. ಎರಡನೇ ರಿಂಗಿಗೇ ಎತ್ತಿದರೆ ಕಾಯುತ್ತ ಕೂತಿದ್ದಾನೆ ಎಂದುಕೊಳ್ಳುತ್ತಾಳೆ, ಐದು ಆಗಲಿ ಎಂದುಕೊಂಡೆ. ನಾಲ್ಕಕ್ಕೆ ಫೋನು ಆರಿತು. ವಾರದಿಂದ ಅದಕ್ಕೆ ಆ ರೋಗ ಹತ್ತಿತ್ತು: ತಾನೇ ಆರುವುದು, ತಾನೇ ಹತ್ತುವುದು, ನೆಟ್ಟಗೆ ಕಣ್ಣು ಬಿಡುವ ಮೊದಲೇ ಮತ್ತೆ ಆರುವುದು. ಅಕ್ಕ ಮೂರು ಸಲ ಹಚ್ಚಿದಳು. ಮೂರು ಸಲವೂ ಹೀಗೇ ಆಯಿತು.

ಸಂಜೆ ಹೆಂಡತಿಯ ಫೋನಿನಲ್ಲಿ ಮಲ್ಲಿನಾಥ ಸಿಕ್ಕ. “ಮಾಮಾ, ನೀವು ಕಟ್ ಮಾಡಿ ಸ್ವಿಚ್ ಆಫ್ ಮಾಡಾಕತ್ತೀರಿ ಅಂತ ಅವ್ವ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ್ರಿ.”

“ನಾ ಅಲ್ಲೋ, ಫೋನೇ ಹಂಗ ಮಾಡಾಕತ್ತದ!”

“ಹೌದ್ರಿ ಮಾಮಾ” ಎಂದ. ಸುಳ್ಳು ಹೇಳುವ ಹಿರಿಯರಿಗೆ ನಮ್ಮ ಕಡೆ ಹೇಳುವ ಹೌದ್ರಿ ಅದು.

ಫೋನಿಟ್ಟೊಡನೆ ಶಾಂತಾಬಾಯಿ ಹರಿಹಾಯ್ದಳು. “ಅಕಿ ಕೈಯಾಗ ಕೊಡು ಅನ್ನಬೇಕಿತ್ತಿಲ್ರಿ! ಈಗರ ನನ್ನ ಫೋನಿಂದ ಹಚ್ರಿ.”

“ಅದ್ಹೆಂಗಾಗ್ತದ? ಅಕಿ ಮೊದಲ ಮಾತಾಡಿಸಬೇಕು.”

“ಮೂರು ಸಲ ಹಚ್ಯಾಳಲ್ರಿ!”

“ನಾ ಎತ್ತಿಲ್ಲಲ್ಲ. ಅದು ಲೆಕ್ಕಕ್ಕ ಹಿಡಿಯಾಂಗಿಲ್ಲ.”

ಅವಳು ನನ್ನನ್ನು ನೋಡಿದ ನೋಟ ಇನ್ನೂ ಸುಡುತ್ತದೆ. ಶುಕ್ರವಾರವಿಡೀ ಫೋನಿಗೆ ವೈದ್ಯ ನಡೆಯಿತು. ಸಿಮ್ಮು ತೆಗೆದು ಒರೆಸಿದೆ. ದಿನಾ ಮುಂಜಾನೆ ಹೂವಿನ ಚಿತ್ರ ಕಳಿಸುವ ಸಹೋದ್ಯೋಗಿಗಳ ಚಿತ್ರಗಳನ್ನೆಲ್ಲ ಅಳಿಸಿದೆ. ಅಕ್ಕಿಯಲ್ಲಿ ಹೂತಿಟ್ಟರೆ ನೆಟ್ಟಗಾಗುತ್ತದೆ ಎಂದು ಯಾರೋ ಅಂದರು; ಮನೆಯಲ್ಲಿದ್ದದ್ದು ಜೋಳ, ಅದರಲ್ಲೇ ಹೂತಿಟ್ಟೆ. ಫೋನು ಜೋಳದೊಳಗೂ ಆರಿ ಹತ್ತಿತು.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಆಳಂದ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿಯ ಖಾಜಾಸಾಬನ ಮುಂದೆ ಕೂತೆ. ಬ್ಯಾಟರಿ ಹೋಗಿದೆ, ಬೋರ್ಡು ಸುಟ್ಟಿದೆ ಎಂದು ನಾನೇ ಅವನಿಗೆ ಪಾಠ ಮಾಡಿದೆ. ಅವನು ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಫೋನಿನ ಮಗ್ಗುಲು ನೋಡಿದ.

“ಸರ್, ತಂಬಾಕ ತಿಂತೀರೇನ್ರಿ?”

“ಅದಕ್ಕೂ ಫೋನಿಗೂ ಏನೋ ಸಂಬಂಧ?”

“ಪವರ್ ಬಟನ್ ಸಂದ್ಯಾಗ ಸುಣ್ಣ ಕುಂತು ಗಟ್ಟಿ ಆಗ್ಯಾದ್ರಿ. ಒತ್ತಿದ ಬಟನ್ ಮ್ಯಾಲ ಬರವಲ್ದು. ನೀವು ಒತ್ತಿ ಹಿಡಕೊಂಡೇ ಕುಂತೀರಿ ಅಂತ ತಿಳದು ಬಂದ್ ಆಗಿ ಚಾಲೂ ಆಗ್ತದ. ಫೋನಿಗಿ ಏನೂ ಆಗಿಲ್ರಿ.”

ಗಾಳಿ ತಾಗಿದರೆ ಸುಣ್ಣ ಗಟ್ಟಿಯಾಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತ ಬಂದವನು ನಾನು. ಖಾಜಾಸಾಬ ಟಾಚಣಿಯ ಮೊನೆಯಿಂದ ಕೆರೆದು, ಬ್ರಷ್ಷಿನಿಂದ ಒರೆಸಿ ಕೊಟ್ಟ. ಹತ್ತು ನಿಮಿಷದ ಕೆಲಸ.

ಭಾನುವಾರ ಫೋನು ಒಂದು ಸಲವೂ ಆರಲಿಲ್ಲ. ಪೂರಾ ಚಾರ್ಜು, ನಾಲ್ಕೂ ಕಡ್ಡಿ ಸಿಗ್ನಲ್ಲು. ಅದನ್ನು ಮುಂದಿಟ್ಟುಕೊಂಡು ಮುಂಜಾನೆಯಿಂದ ಪಡಸಾಲೆಯಲ್ಲಿ ಕೂತೆ. ಬೆರಳು ತೊಳೆದುಕೊಂಡಿದ್ದೆ. ಈ ಸಲ ಮೊದಲನೇ ರಿಂಗಿಗೇ ಎತ್ತುತ್ತೇನೆ ಎಂದು ಶಾಂತಾಬಾಯಿಗೆ ದೊಡ್ಡ ಮನಸ್ಸಿನಿಂದ ಹೇಳಿದೆ. ಅವಳು ಊಟದ ತಾಟು ತಂದು ಕುಕ್ಕಿ ಹೋದಳು. ಆಳಂದದಿಂದ ಕಲಬುರಗಿಗೆ ಬಸ್ಸುಗಳೇನು ಕಡಿಮೆಯೇ? ಆದರೆ ನಾನು ಏಳಲಿಲ್ಲ. ಮೂರು ಸಲ ಫೋನು ಕಟ್ ಮಾಡಿಸಿಕೊಂಡವಳು ನಾಲ್ಕನೇ ಸಲ ಹಚ್ಚಲಿಲ್ಲ. ಸೋಮವಾರ ಅವಳನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು.

ಗುರುವಾರ ನೋಡಲು ಹೋದೆ. ಕೊರಳಿನಲ್ಲಿ ಒಂದು ನಳಿಗೆ, ಸುತ್ತ ಪಟ್ಟಿ. “ಫೋನ್ ಕೆಟ್ಟಿತ್ತವ್ವಾ ಅಕ್ಕಾ” ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಯಾವತ್ತು ನೆಟ್ಟಗಾಯಿತು ಎಂದು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ನಾನೂ ಹೇಳಲಿಲ್ಲ.

ಈಗ ಅಕ್ಕ ಇಜೇರಿಗೆ ಬಂದಿದ್ದಾಳೆ. ದಿನಾ ಸಂಜೆ ನಾನೇ ಫೋನು ಹಚ್ಚುತ್ತೇನೆ, ಮಲ್ಲಿನಾಥ ಅವಳ ಕಿವಿಗೆ ಹಿಡಿಯುತ್ತಾನೆ. ಮಟಕಿಯ ಮಳೆ, ತೊಗರಿ, ಸತ್ತವರು, ಹುಟ್ಟಿದವರು, ಎಲ್ಲ ಹೇಳುತ್ತೇನೆ. ಮೊನ್ನೆ ಅರ್ಧ ತಾಸು ಆಗಿರಬೇಕು. ಅಡುಗೆಮನೆಯಿಂದ ಶಾಂತಾಬಾಯಿ ಕೂಗಿದಳು: “ಏನ್ರಿ ಅದು, ಒಂದೇ ಸವನ ನೀವೇ ವದರಾಕತ್ತೀರಲ್ಲ, ಅಕಿಗೂ ಒಂದೀಟು ಮಾತಾಡಾಕ ಬಿಡ್ರಿ!” ಕೂಗಿದವಳೇ ನಾಲಿಗೆ ಕಚ್ಚಿಕೊಂಡಳು. ನಾನು ಕೇಳಿಸದವನಂತೆ ಮಾತು ಮುಂದುವರಿಸಿದೆ. ನಿಲ್ಲಿಸಿದರೆ ಆ ಕಡೆಯಿಂದ ಬರೀ ಉಸಿರು ಕೇಳುತ್ತದೆ.