ಗುಳಿಗಿ ತಲಿಗೆ ಮುಟ್ಟಿತೋ ಇಲ್ಲೋ

ದೊಡ್ಡ ಕಾಯಿಲೆ ಮನೆ ಹೊಕ್ಕರೆ ನಗು ಹೊರಗೆ ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗಾಗಲಿಲ್ಲ. ನಮ್ಮ ಮಂದಿ ಎಲ್ಲಿ ಕೂಡಿದರೂ ಏನಾದರೊಂದು ಆಗುತ್ತಲೇ ಇರುತ್ತದೆ; ಹುಬ್ಬಳ್ಳಿಯ ದವಾಖಾನೆಯಲ್ಲೂ ಆಯಿತು. ಶಿವನ ದಯೆಯಿಂದ ಈಗ ಕುಂತು ಬರೆಯುವಷ್ಟು ಸಮಾಧಾನ ಸಿಕ್ಕಿದೆ.

ನಮ್ಮ ಅಣ್ಣ ಅಕ್ಕಿಆಲೂರಿನಲ್ಲಿ ಭತ್ತದ ವ್ಯಾಪಾರಿ. ಅವನ ತಲೆಯಲ್ಲಿ ಗಡ್ಡೆ ಆಗಿತ್ತು. ಒಮ್ಮೆ ತೆಗೆಸಿದ್ದೆವು, ಅದು ಮತ್ತೆ ಬೆಳೆಯಿತು. ಈ ಸಲ ಡಾಕ್ಟರು ನಮ್ಮನ್ನು ಎದುರಿಗೆ ಕೂರಿಸಿಕೊಂಡು ಒಂದು ವಿಚಾರ ಹೇಳಿದರು. ಕ್ಯಾನ್ಸರಿನ ಗುಳಿಗೆ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೂ ಹೋಗುತ್ತದೆ. ಆದರೆ ಮಿದುಳಿನ ಸುತ್ತ ಹುಟ್ಟಿನಿಂದಲೇ ಬಿಗಿಯಾದ ಕಾವಲಿದೆ, ಅದನ್ನು ದಾಟಿ ಒಳಗೆ ಹೋಗುವ ಔಷಧ ಬಹಳ ಕಡಿಮೆ. ಅದಕ್ಕೆ ಆಪರೇಷನ್ನಿಗೆ ಮೊದಲು ಕೆಲವು ದಿನ ಹೊಸ ಗುಳಿಗೆ ಕೊಟ್ಟು, ತೆಗೆದ ಗಡ್ಡೆಯ ಚೂರನ್ನು ಲ್ಯಾಬಿಗೆ ಕಳಿಸಿ, ಅದರೊಳಗೆ ಔಷಧ ಎಷ್ಟು ಸೇರಿದೆ ಅಂತ ಅಳೆಯುವುದು. ಮುಟ್ಟಿದ್ದರೆ ಅದೇ ಗುಳಿಗೆ ಮುಂದುವರಿಸುವುದು, ಮುಟ್ಟದಿದ್ದರೆ ಬೇರೆ ದಾರಿ ನೋಡುವುದು.

ಬೇರೆ ದಾರಿ ಯಾವುದು ಅಂತ ನಾನು ಕೇಳಿದೆ. ಡಾಕ್ಟರು ಕೈಯಲ್ಲಿದ್ದ ಕಾಗದ ಮಡಚಿಟ್ಟು, "ಮೊದಲ ಇದನ್ನ ನೋಡೋಣ್ರಿ" ಅಂದರು. ಆ ಮಾತಿನಲ್ಲೇ ನಮಗೆ ಉತ್ತರ ತಿಳಿಯಿತು. ಪಕ್ಕದಲ್ಲಿ ಕುಂತಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ಸೆರಗಿನ ತುದಿ ಹಿಡಿದುಕೊಂಡವಳು ಮನೆಗೆ ಬರುವ ತನಕ ಬಿಡಲಿಲ್ಲ.

ಎಲ್ಲಿಂದ ತೆಗಿತೀರಿ

ಒಪ್ಪಿಗೆಯ ಸಹಿ ಹಾಕುವ ದಿನ ಅಣ್ಣ ಪೆನ್ನು ಹಿಡಿದು ಹಾಗೇ ಕುಂತ. ಹೆದರಿದ್ದಾನೆ ಅಂತ ತಿಳಿದು ಡಾಕ್ಟರು ಸಮಾಧಾನ ಹೇಳಹೋದರು. ಅವನ ಚಿಂತೆಯೇ ಬೇರೆ. ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ, ಕಾಳು ಅಂಗೈಗೆ ಹಾಕಿಕೊಂಡು ನೋಡುವುದರಲ್ಲೇ ಅವನ ಜನ್ಮ ಕಳೆದಿದೆ. ಚೀಲದ ಬಾಯಿಗೆ ಚಲೋ ಕಾಳು ಸುರುವಿ ತಳಕ್ಕೆ ಜೊಳ್ಳು ತುಂಬಿ ತರುವವರನ್ನು ಬಹಳ ಕಂಡವನು.

ಚೂರನ್ನು ಎಲ್ಲಿಂದ ತೆಗೆಯುತ್ತೀರಿ ಅಂತ ಕೇಳಿದ. ಗಡ್ಡೆಯ ಅಂಚಿನಿಂದ ಒಂದಿಷ್ಟು, ನಡುವಿನಿಂದ ಒಂದಿಷ್ಟು, ಎರಡು ಕಡೆಯೂ ಔಷಧ ಒಂದೇ ಸಮ ಇರುವುದಿಲ್ಲ ಅಂತ ಡಾಕ್ಟರು ಹೇಳಿದರು. ಅಣ್ಣನಿಗೆ ಅದು ಸರಿ ಕಂಡಿತು. ಸಹಿ ಹಾಕಿ ಪೆನ್ನು ತಿರುಗಿ ಕೊಡುತ್ತ ಅಂದ:

"ಹೊಲಿಗಿ ಮಾತ್ರ ಗಟ್ಟಿ ಹಾಕ್ರಿ. ಬಿಚ್ಚಿದ ಚೀಲಾನ ಮತ್ತ ಬಿಚ್ಚಾಕತ್ತೀರಿ, ಮೂರನೇ ಸಲ ಬಟ್ಟಿ ತಡಿಯಂಗಿಲ್ಲ."

ತೀರ್ಥ

ಆ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ, ದಿನಾ ಒಂದೇ ಹೊತ್ತಿಗೆ ನುಂಗಬೇಕು. ಹೊತ್ತು ತಪ್ಪಿದರೆ ಲ್ಯಾಬಿನ ಲೆಕ್ಕವೂ ತಪ್ಪುತ್ತದೆ. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಸಹ ಹಾಕುವ ರೂಢಿಯಿಲ್ಲ. ಅಣ್ಣನೋ, ಪೂಜೆಗೆ ಕುಂತರೆ ಏಳುವ ಹೊತ್ತು ಅವನಿಗೂ ಗೊತ್ತಿಲ್ಲ, ಶಿವನಿಗೂ ಗೊತ್ತಿಲ್ಲ. ಪೂಜೆ ಮೊದಲೋ ಔಷಧ ಮೊದಲೋ ಅಂತ ನಾನು ಬಹಳ ಯೋಚನೆ ಮಾಡಿ, ಕೊನೆಗೆ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಎಲ್ಲವನ್ನೂ ವಿಸ್ತಾರವಾಗಿ ಹೇಳಿದೆ. ಅವರು ಕಣ್ಣು ಮುಚ್ಚಿ ಪೂರಾ ಕೇಳಿದರು.

"ಮುಂಜಾನಿ ಲಗೂನ ಏಳಂತ ಹೇಳಪಾ" ಅಂದರು. ಅಷ್ಟೇ.

ಕೊನೆಯ ಗುಳಿಗೆ ಆಪರೇಷನ್ನಿನ ದಿನ ಬೆಳಿಗ್ಗೆ, ದವಾಖಾನೆಯಲ್ಲೇ. ಅಣ್ಣ ಪೂಜೆ ಮುಗಿಸಿ, ಬೋಳಿಸಿದ ತಲೆ ಹೊತ್ತು ಮಂಚದ ಮೇಲೆ ಕುಂತಿದ್ದ. ನರ್ಸು ಅಂಗೈಗೆ ಗುಳಿಗೆ ಹಾಕಿ ಒಂದು ಗುಟುಕು ನೀರು ಕೊಟ್ಟಳು. ಅಣ್ಣ ಗುಳಿಗೆಯನ್ನು ಕಣ್ಣಿಗೆ ಒತ್ತಿಕೊಂಡು ನುಂಗಿದ. ಆಮೇಲೆ, ತೀರ್ಥ ತಗೊಂಡವರು ಮಾಡುವಂತೆ, ಒದ್ದೆಯಾದ ಕೈಯನ್ನು ನೆತ್ತಿಯ ಮೇಲೆ ಸವರಿಕೊಂಡ. ಅವಳಿಗೆ ಗಾಬರಿ. ಈಗಷ್ಟೇ ತೊಳೆದು ಸ್ವಚ್ಛ ಮಾಡಿದ ಜಾಗ ಅದು, ಅಲ್ಲೇ ಕೊಯ್ಯುವುದು, ಕೈ ಹಚ್ಚಬೇಡಿ ಅಂದಳು.

"ಇರ್ಲಿ ಬಿಡು ತಂಗಿ" ಅಂದ ಅಣ್ಣ. "ಒಳಗಿಂದ ಮುಟ್ಟೂದು ಖಾತ್ರಿ ಇಲ್ಲಂತ. ಹೊರಗಿಂದರ ಒಂದೀಟು ಮುಟ್ಟಲಿ."

ಅವಳು ಪಾಪ, ನಗುತ್ತಲೇ ಮತ್ತೊಮ್ಮೆ ತಲೆ ತೊಳೆದಳು.

ಹೊಗೆಯಾಡುವ ಪೆಟ್ಟಿಗೆ

ಆಪರೇಷನ್ ನಡೆದಾಗ ನಾವು ಹೊರಗೆ ಬಾಕಿನ ಮೇಲೆ ಕುಂತಿದ್ದೆವು. ವೈನಿ, ನಾನು, ತಡಸದಿಂದ ಬಂದ ನಮ್ಮ ಸೋದರತ್ತಿ. ಒಮ್ಮೆಲೇ ಬಾಗಿಲು ತೆರೆದು ಲ್ಯಾಬಿನವನೊಬ್ಬ ಪೆಟ್ಟಿಗೆ ಹಿಡಿದು ಹೊರಬಂದ. ಮುಚ್ಚಳದ ಸಂದಿಯಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು. ಅದು ಬೆಂಕಿಯ ಹೊಗೆಯಲ್ಲ, ತಂಪಿನ ಹೊಗೆ. ಚೂರು ಬೆಚ್ಚಗಾದರೆ ಒಳಗಿನ ಔಷಧ ಕೆಟ್ಟು ಅಳತೆ ಸುಳ್ಳಾಗುತ್ತದಂತೆ. ಇದು ನನಗೆ ಆಮೇಲೆ ತಿಳಿದದ್ದು.

ಸೋದರತ್ತಿಗೆ ಕಂಡದ್ದು ಧೂಪ. ಎದ್ದು ನಿಂತು ಕೈ ಮುಗಿದಳು. ಅವಳನ್ನು ನೋಡಿ ಬಾಕಿನ ಮೇಲಿದ್ದ ಪರ ಊರಿನವರೂ ಎದ್ದರು. ಒಬ್ಬ ಚಪ್ಪಲಿ ಬಿಟ್ಟ. ಹುಲಗೂರಿನಿಂದ ಬಂದಿದ್ದ ಮುದುಕರೊಬ್ಬರು, ದರ್ಗಾದೊಳಗೆ ಹೋಗುವಾಗಿನಂತೆ, ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡರು. ಲ್ಯಾಬಿನವನಿಗೆ ಓಡಬೇಕೋ ನಿಲ್ಲಬೇಕೋ ತಿಳಿಯದಾಯಿತು. ಇದು ದೇವರಲ್ಲ, ಒಳಗಿರುವ ಪೇಶಂಟಿನ ಗಡ್ಡೆಯ ಚೂರು ಅಂತ ಹೇಳಿ ಓಡಿದ.

ಸೋದರತ್ತಿ ಮುಗಿದ ಕೈ ಇಳಿಸಲಿಲ್ಲ. "ಇರ್ಲಿ ತಗೋ" ಅಂದಳು. "ನಮ್ಮ ಹುಡುಗನ ತಲಿಗೆ ಇಷ್ಟ ಮಂದಿ ಮರ್ಯಾದಿ ಕೊಟ್ಟಿದ್ದು ಇವತ್ತ ಮೊದಲು."

ಬೀಗರ ಪ್ರಶ್ನೆ

ವರದಿ ಬರುವುದಕ್ಕೆ ಬಹಳ ದಿನ ಹಿಡಿಯಿತು. ಚೂರನ್ನು ಅರೆದು, ಔಷಧವನ್ನು ಬೇರೆ ಮಾಡಿ, ಯಂತ್ರದಲ್ಲಿ ಹಾಯಿಸಿ ಅಳೆಯುತ್ತಾರಂತೆ. ಆಪರೇಷನ್ನಿನ ಹೊತ್ತಿಗೇ ತೆಗೆದ ರಕ್ತದಲ್ಲೂ ಅಳೆದು ಎರಡನ್ನೂ ಹೋಲಿಸಿ ನೋಡುತ್ತಾರಂತೆ. ನಾನು ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಅರ್ಧ ಡಾಕ್ಟರನಾಗಿದ್ದೆ.

ಹಿರೇಕೆರೂರಿನಿಂದ ಅಣ್ಣನ ಬೀಗರು ಮಾತಾಡಿಸಲು ಬಂದರು. ಅವರು ಎಲ್ಲವನ್ನೂ ಕೇಳಿ, ಚಹಾದ ಬಟ್ಟಲು ಕೆಳಗಿಟ್ಟು, ನಿಧಾನವಾಗಿ ಕೇಳಿದರು. "ಔಷಧ ಮುಟ್ಟಿದ್ದು ಆ ಚೂರಿಗೆ. ಚೂರನ್ನ ಅವರು ಒಯ್ದರು. ಹಂಗಾದ್ರ ಮುಟ್ಟಿದ್ದ ಔಷಧನೂ ಅದರ ಕೂಡ ಹೋತಲ್ರಿ?"

ನನ್ನ ಅರ್ಧ ಡಾಕ್ಟರಿಕೆ ಅಲ್ಲಿಗೆ ನಿಂತಿತು. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರನ್ನೇ ಕೇಳಿದೆ. ಅವರು, ಹೊಲದ ಒಂದು ಹಿಡಿ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ ಉಳಿದ ಹೊಲದ ಸಾರವೂ ತಿಳಿಯುತ್ತದೆ, ಹೊಲವೇನು ಖಾಲಿಯಾಗುವುದಿಲ್ಲ ಅಂದರು. ನನಗೆ ಬಹಳ ಹಿಡಿಸಿತು. ಕೂಡಲೇ ಬೀಗರಿಗೆ ಫೋನ್ ಹಚ್ಚಿ ಹೇಳಿದೆ. ಬೀಗರು ಬೀಗರೇ.

"ಹೊಲಾ ದೊಡ್ಡದಿರತೈತ್ರಿ, ಹಿಡಿ ಮಣ್ಣು ಹೋದ್ರ ಗೊತ್ತಾಗಂಗಿಲ್ಲ" ಅಂದರು. "ನಮ್ಮ ಬೀಗರ ತಲ್ಯಾಗ ಅಷ್ಟು ಮಾಲು ಎಲ್ಲೈತಿ?"

ಮುಟ್ಟಿದ್ದು

ವರದಿ ಕೇಳಲು ಅಣ್ಣ, ವೈನಿ, ನಾನು ಮೂವರೂ ಹೋದೆವು. ಬಸ್ಸಿನಲ್ಲಿ ವೈನಿ ಕಿಟಕಿಗೆ ಮುಖ ಮಾಡಿ ಕುಂತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ನಾನೂ ಒಳಗೊಳಗೆ ಪಂಚಾಕ್ಷರಿ ಹೇಳುತ್ತಿದ್ದೆ. ದೇವರನ್ನು ಏನು ಕೇಳಬೇಕೆಂದೇ ತಿಳಿಯಲಿಲ್ಲ. ಆ ಚೂರಿನಲ್ಲಿ ಇದ್ದದ್ದು ಆಗಲೇ ಇದೆ, ಇಲ್ಲದ್ದು ಆಗಲೇ ಇಲ್ಲ. ಆದರೂ ಕೇಳಿದೆ.

ಡಾಕ್ಟರು ಕನ್ನಡಕ ಸರಿ ಮಾಡಿಕೊಂಡು ಹೇಳಿದರು. ರಕ್ತದಲ್ಲಿ ಇದ್ದಷ್ಟು ಇಲ್ಲ, ನಡುವಿನ ಚೂರಿನಲ್ಲಿ ಕಡಿಮೆಯೇ. ಆದರೆ ಅಂಚಿನಲ್ಲಿ ಚಲೋ ಇದೆ. ಕೆಲಸ ಮಾಡುವಷ್ಟು ಔಷಧ ಒಳಗೆ ಹೋಗಿದೆ, ಅದೇ ಗುಳಿಗೆ ಮುಂದುವರಿಸೋಣ. ಮುಟ್ಟಿತು ಅಂದರೆ ಗೆದ್ದೆವು ಅಂತಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ.

"ಖರೇನ ಮುಟ್ಟೇತೇನ್ರಿ?" ಅಂತ ವೈನಿ ಕೇಳಿದಳು.

"ಮುಟ್ಟೇತ್ರೀ ಅವ್ವಾರ."

ವೈನಿ ಕಣ್ಣು ಒರೆಸಿಕೊಂಡಳು. ಶಿವನ ಹೆಸರು ಹೇಳುತ್ತಾಳೆ ಅಂತ ನಾನು ಕೈ ಮುಗಿಯಲು ತಯಾರಾದೆ. ಅವಳು ಗಂಡನ ತಲೆಯನ್ನೇ ನೋಡುತ್ತ ಅಂದಳು: "ಮದುವಿ ಆದಾಗಿಂದ ಹೇಳಾಕತ್ತೇನ್ರಿ, ನನ್ನ ಒಂದ ಮಾತು ಇದರೊಳಗ ಹೋಗಿಲ್ಲ. ಆ ಗುಳಿಗಿ ಹೆಂಗ ಹೋತು?"

ಉತ್ತರ ಅಣ್ಣನಿಂದಲೇ ಬಂತು. ಆಪರೇಷನ್ ಆದ ಮೇಲೆ ಅಣ್ಣನಿಗೆ ಮಾತು ತಡವರಿಸುತ್ತಿತ್ತು. ಹೌದು, ಬ್ಯಾಡ ಅನ್ನುವುದು ಬಿಟ್ಟರೆ ಹೆಚ್ಚು ಆಡುತ್ತಿರಲಿಲ್ಲ. ಅವನು ಒಂದೊಂದೇ ಶಬ್ದ ಹುಡುಕಿ ಹುಡುಕಿ ಜೋಡಿಸಿದ.

"ಗುಳಿಗಿ... ಒಳಗ ಹೋದ ಮ್ಯಾಲೆ... ಸುಮ್ಮನ ಕುಂದರತೈತಿ."

ಡಾಕ್ಟರು ಮುಖ ಗೋಡೆಯ ಕಡೆ ತಿರುಗಿಸಿದರು. ನಾನು ನೆಲ ನೋಡಿದೆ. ವೈನಿ ಮಾತ್ರ ಸಿಟ್ಟಾಗಲಿಲ್ಲ. ಅವನ ಟೊಪ್ಪಿಗೆಯನ್ನು ಹೊಲಿಗೆಯ ಗುರುತಿನ ಮೇಲೆ ಸರಿಯಾಗಿ ಎಳೆದು ಡಾಕ್ಟರಿಗೆ ಹೇಳಿದಳು:

"ನೋಡ್ರಿ, ಬರೇ ಮುಟ್ಟಿಲ್ಲ. ಕೆಲಸಾನೂ ಚಾಲೂ ಮಾಡೇತಿ."