ಗದಿಗೆಪ್ಪನ ಕಂಬಳಿ ಕಾಳಗ

ಕಣ್ಣಿಗೆ ಕಾಣದೆಯೂ ಜಗವನ್ನೆಲ್ಲ ಕುಣಿಸುವ, ಅರಸನ ಮೂಗು ಆಳಿನ ಮೂಗು ಎಂಬ ಭೇದವೆಣಿಸದೆ ಹೊಳ್ಳೆಗಳೆಂಬ ಮಹಾದ್ವಾರಗಳಿಂದ ನಿಮಿಷಕ್ಕೆ ಹದಿನಾರು ಸಲ ಬಂದುಹೋಗುವ ಹೇ ಪ್ರಾಣವಾಯುವೇ, ಈ ಕಥನಕ್ಕೆ ನೀನೇ ದಿಕ್ಕು. ಮುಗಿಯುವವರೆಗಾದರೂ ಹೇಳುವವನ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳಬೇಡ. ಕೃತ, ತ್ರೇತ, ದ್ವಾಪರಗಳು ಕಳೆದು, ಕಲಿಯುಗವೂ ಸಾಕಷ್ಟು ಸವೆದು, ಉಸಿರು ಕಟ್ಟಿದವನ ಬಳಿಗೆ ವೈದ್ಯನಿಗಿಂತ ಮೊದಲು ಸೈರನ್ನು ಬರುವ ಕಾಲದಲ್ಲಿ, ಕರಡಿಕೊಳ್ಳದ ಕ್ರಾಸಿನಲ್ಲಿ, ಪಂಕ್ಚರ್ ಅಂಗಡಿಗೂ ಮಿರ್ಚಿಭಜಿಯ ಗಾಡಿಗೂ ನಡುವೆ ನಿಲ್ಲುತ್ತಿದ್ದ ಆಂಬುಲೆನ್ಸೆಂಬ ಶ್ವೇತರಥದಲ್ಲಿ ಒಬ್ಬ ವೀರನಿದ್ದನು. ಶ್ವಾಸಮಾರ್ಗಸಂರಕ್ಷಕನೂ, ನಳಿಕಾಪ್ರಯೋಗಧುರಂಧರನೂ, ಜಿಲ್ಲಾಮಟ್ಟತರಬೇತಿಪ್ರಮಾಣಪತ್ರವಿಭೂಷಿತನೂ, ನಿತ್ಯಕಟಿಶೂಲಪೀಡಿತನೂ ಆದ ಅವನ ಹೆಸರು ಗದಿಗೆಪ್ಪ.

ಈತನ ಕೀರ್ತಿಗೆ ಮೂಲ ಒಂದು ರಬ್ಬರಿನ ಗೊಂಬೆ. ದೊಡ್ಡಾಸ್ಪತ್ರೆಯ ಅರಿವಳಿಕೆ ಡಾಕ್ಟರಮ್ಮ ಆಂಬುಲೆನ್ಸಿನವರನ್ನೆಲ್ಲ ಒಂದು ದಿನ ಕೂಡಿಸಿ, ದಾರಿಯಲ್ಲಿ ಉಸಿರು ಕಟ್ಟಿದವರನ್ನು ಉಳಿಸುವ ಹೊಸ ಕ್ರಮವನ್ನು ಹೇಳಿಕೊಟ್ಟಿದ್ದರು. ಮೊದಲು ತಲೆಯಡಿ ಎತ್ತರ ಕೊಟ್ಟು ಕಿವಿಯನ್ನು ಎದೆಯ ಮಟ್ಟಕ್ಕೆ ತನ್ನಿ, ದವಡೆ ಎತ್ತಿ; ಆಮೇಲೆ ಮಾಸ್ಕು ಒತ್ತಿ ಹಿಡಿದು ಚೀಲದಿಂದ ಗಾಳಿ ಕೊಡಿ; ಇದರಿಂದ ಆಗದಿದ್ದರೆ ಮಾತ್ರ ಗಂಟಲಿಗೆ ನಳಿಕೆ, ಅದೂ ಎರಡೇ ಪ್ರಯತ್ನ ಎಂದಿದ್ದರು. ಗದಿಗೆಪ್ಪನ ಕಿವಿಗೆ ಬಿದ್ದದ್ದು ನಳಿಕೆಯೊಂದೇ. ಗೊಂಬೆಯ ಗಂಟಲಿಗೆ ಅದನ್ನವನು ಹದಿನಾಲ್ಕು ಸೆಕೆಂಡಿನಲ್ಲಿ ಇಳಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಗೊಂಬೆಗೆ ದಪ್ಪ ಕುತ್ತಿಗೆಯಿರಲಿಲ್ಲ, ಜೊಲ್ಲಿರಲಿಲ್ಲ, ಪಕ್ಕದಲ್ಲಿ ನಿಂತು ಎದೆ ಬಡಿದುಕೊಳ್ಳುವ ಬೀಗರಿರಲಿಲ್ಲ ಎಂಬುದನ್ನು ಯಾರೂ ನೆನಪಿಸಲಿಲ್ಲ. ಮರುದಿನವೇ ಪ್ರಮಾಣಪತ್ರ ಲ್ಯಾಮಿನೇಟ್ ಆಗಿ ರಥದ ಗಾಜಿನ ಮುಂದೆ ನಿಂತಿತು.

ರಥಕ್ಕೆ ಸಾರಥಿ ಯಮನೂರಪ್ಪ. ಆಂಬುಲೆನ್ಸ್ ಓಡಿಸುವವನನ್ನು ಪೈಲಟ್ ಎನ್ನುವುದು ಆ ಇಲಾಖೆಯ ಸಂಪ್ರದಾಯವಾದ್ದರಿಂದ, ನೆಲ ಬಿಟ್ಟು ಒಂದಂಗುಲವೂ ಏರದ ಈತನೂ ಪೈಲಟ್ಟೇ. ತರಬೇತಿಗೆ ಅವನು ಬಂದದ್ದು ಮಧ್ಯಾಹ್ನದ ಊಟಕ್ಕೆ. ಅಡಿಗೆ ತಡವಾದದ್ದರಿಂದ ಬಾಗಿಲಲ್ಲಿ ಕೂತು ಕೇಳಬೇಕಾಯಿತು, ಕೇಳಿದ್ದರಲ್ಲಿ ಮೊದಲ ಮಾತು ತಲೆಯಲ್ಲಿ ಉಳಿಯಿತು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಬೂದುಬಣ್ಣದ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸ್ಟ್ರೆಚರಿನ ತಲೆಯ ಕಡೆ ಇಡುತ್ತಿದ್ದನು. ದಿನಾ ಬೆಳಿಗ್ಗೆ ಗದಿಗೆಪ್ಪ ಅದನ್ನು ಎತ್ತಿ ಮುಂದಿನ ಸೀಟಿನಲ್ಲಿ ತನ್ನ ಬೆನ್ನಿಗೆ ಕೊಟ್ಟುಕೊಳ್ಳುತ್ತಿದ್ದನು. ಹೀಗೆ ಹತ್ತೊಂಬತ್ತು ದಿನ ನಡೆದ ಆ ಘೋರಸಂಗ್ರಾಮದಲ್ಲಿ ಕಂಬಳಿ ಹತ್ತೊಂಬತ್ತು ಬಾರಿ ಸೆರೆಯಾಯಿತು, ಅಷ್ಟೇ ಬಾರಿ ಬಿಡುಗಡೆಯಾಯಿತು, ಒಮ್ಮೆಯೂ ಒಗೆಯಲ್ಪಡಲಿಲ್ಲ.

ಇಪ್ಪತ್ತನೆಯ ದಿನ ಗದಿಗೆಪ್ಪ ರಥದ ಬಾಗಿಲಲ್ಲಿ ಎದೆ ಸೆಟೆಸಿ ನಿಂತು, ಎಲೈ ಸೂತನೇ, ಮೃತ್ಯುವಿನ ಕೋರೆಹಲ್ಲುಗಳ ನಡುವೆ ನಳಿಕೆಯನ್ನು ನುಗ್ಗಿಸಿ ಪ್ರಾಣವನ್ನು ಮರಳಿ ತರುವ ಮಹಾರಥಿಗೆ ಹೊದಿಕೆಯ ಹಿತವಚನವೇ ಎಂದು ಗರ್ಜಿಸಿದನು. ಗರ್ಜನೆಯ ಮೂಲಪಾಠ ಇಷ್ಟು:

“ಗೊಂಬಿ ಗಂಟಲದಾಗ ಹದಿನಾಕ ಸೆಕೆಂಡಿನಾಗ ಪೈಪ ಇಳಿಸಿದಂವ ನಾನು. ನನಗ ಕಂಬಳಿ ಪಾಠ ಹೇಳಬ್ಯಾಡ.”

“ಗೊಂಬಿ ಸತ್ತರ ಯಾರೂ ಅಳಾಂಗಿಲ್ಲಲ್ಲೋ,” ಎಂದನು ಯಮನೂರಪ್ಪ, ಬೀಡಿ ಆರಿಸುತ್ತ.

ಅಷ್ಟರಲ್ಲಿ ಫೋನು ಮೊಳಗಿತು. ಎರಡು ಮೈಲಿಯಾಚೆಯ ಮಂಗಲ ಕಾರ್ಯಾಲಯದಲ್ಲಿ ಮದುಮಗಳ ತಂದೆ ಬಿದ್ದಿದ್ದಾನೆ ಎಂದು ಕರೆ. ಕಂಬಳಿ ಆ ಗಳಿಗೆಯಲ್ಲಿ ಗದಿಗೆಪ್ಪನ ಸೀಟಿನಲ್ಲಿತ್ತು, ಹಾಗೆಯೇ ಯುದ್ಧಕ್ಕೆ ಹೊರಟಿತು.

ಬಿದ್ದವನು ಹತ್ತಿ ಮಿಲ್ಲಿನ ಹಮಾಲರ ಮುಖಂಡ ಬಾಳಪ್ಪ. ಕ್ವಿಂಟಲ್ ಭಾರದ ಹತ್ತಿಯ ಅಂಡಿಗೆಗಳನ್ನು ಮೂವತ್ತು ವರ್ಷ ಹೊತ್ತು ಅವನ ಕುತ್ತಿಗೆ ಹೆಗಲಲ್ಲೇ ಕರಗಿಹೋಗಿತ್ತು. ಒಬ್ಬಳೇ ಮಗಳು ಕಸ್ತೂರಿಯ ಮದುವೆಗಾಗಿ ಮೂರು ದಿನ ಕಣ್ಣು ಮುಚ್ಚಿರಲಿಲ್ಲ. ಮಂಟಪದ ಪಕ್ಕ ಅಂಗಾತ ಒರಗಿ ಗೊರಕೆ ಹೊಡೆಯತೊಡಗಿದಾಗ ಬಂಧುಗಳು, ಪಾಪ ದಣಿದಿದ್ದಾನೆ, ಮುಹೂರ್ತದವರೆಗೆ ಮಲಗಲಿ ಎಂದು ಬೀಸಣಿಗೆ ಬೀಸಿದರು. ಗೊರಕೆ ಮುಗ್ಗರಿಸಿ ಮುಗ್ಗರಿಸಿ ನಿಲ್ಲತೊಡಗಿ, ತುಟಿ ನೇರಳೆಯಾದ ಮೇಲೆ ಫೋನು ಮಾಡಿದ್ದರು. ಅದು ನಿದ್ದೆಯ ಗೊರಕೆಯಲ್ಲ, ನಾಲಿಗೆ ಹಿಂದೆ ಬಿದ್ದು ಉಸಿರಿನ ಬಾಗಿಲಿಗೆ ಅಡ್ಡ ಕೂತ ಸದ್ದು. ಅರಿಶಿಣದ ಕೈಯಲ್ಲಿ ಅಪ್ಪನ ಪಾದ ಹಿಡಿದು ಕಸ್ತೂರಿ ಕೂತಿದ್ದಳು.

ಗದಿಗೆಪ್ಪ ಬಾಳಪ್ಪನ ಬೆರಳಿಗೆ ಯಂತ್ರ ಸಿಕ್ಕಿಸಿದನು. ತೊಂಬತ್ತೈದರ ಮೇಲಿರಬೇಕಾದ ಆಮ್ಲಜನಕ ಎಂಬತ್ತೊಂದಿತ್ತು. ಆಗ ಅವನು ಪೆಟ್ಟಿಗೆ ತೆರೆದು, ಹಿಡಿಕೆಯಲ್ಲಿ ಸೆಲ್ಲು, ತುದಿಯಲ್ಲಿ ದೀಪವುಳ್ಳ, ನಾಲಿಗೆ ಎತ್ತಿ ಗಂಟಲು ತೋರಿಸುವ ಉಕ್ಕಿನ ಅಲಗನ್ನು ಹೊರಗೆಳೆದನು. ಇನ್ನೂರು ಜನ ಉಸಿರು ಬಿಗಿಹಿಡಿದರು. ಉಸಿರು ಬೇಕಾಗಿದ್ದವನೊಬ್ಬನನ್ನು ಬಿಟ್ಟು ಎಲ್ಲರ ಬಳಿಯೂ ಹಿಡಿಯುವಷ್ಟು ಉಸಿರಿತ್ತು. ವೀರನು ಅಲಗನ್ನು ಟಕ್ಕೆಂದು ಬಿಡಿಸಿದನು. ದೀಪ ಹತ್ತಲಿಲ್ಲ.

ಹತ್ತುವುದು ಹೇಗೆ? ಎಂಟು ದಿನದ ಹಿಂದೆ ಆಂಬುಲೆನ್ಸಿನವರ ಠಾಣ್ಯದ ಕೋಣೆಯ ಗೋಡೆಗಡಿಯಾರ ನಿಂತಾಗ, ಡ್ಯೂಟಿ ಮುಗಿಯುವ ಗಳಿಗೆ ನಿಮಿಷವೂ ತಪ್ಪಬಾರದೆಂದು ಇದೇ ಮಹಾರಥಿ ಇದೇ ದಿವ್ಯಾಸ್ತ್ರದ ಹೊಟ್ಟೆಯಿಂದ ಒಂದು ಸೆಲ್ಲು ತೆಗೆದು ಗಡಿಯಾರಕ್ಕೆ ಹಾಕಿದ್ದನು. ನಾಳೆ ಹೊಸದು ತಂದರಾಯಿತು ಎಂದುಕೊಂಡಿದ್ದನು. ಆ ನಾಳೆ ಇನ್ನೂ ಬಂದಿರಲಿಲ್ಲ.

ಬೀಗರೊಬ್ಬರ ಮೊಬೈಲಿನ ಬೆಳಕಿನಲ್ಲಿ ಎರಡನೆಯ ಪ್ರಯತ್ನವಾಯಿತು. ಕಂಡದ್ದು ಬರೀ ನಾಲಿಗೆ. ಅಷ್ಟರಲ್ಲಿ ಬಾಳಪ್ಪ ಓಕರಿಸಿ ಹಲ್ಲು ಕಚ್ಚಿದನು, ಅಲಗನ್ನು ಬಿಡಿಸಿಕೊಳ್ಳುವುದೇ ಸಾಹಸವಾಯಿತು. ಅಂಕಿ ಎಪ್ಪತ್ತೆರಡಕ್ಕೆ ಇಳಿಯಿತು.  ಗದಿಗೆಪ್ಪನಿಗೆ ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಮೂರನೆಯ ಸಲ ಅಲಗು ಎತ್ತಿದರೆ ಯಾರೂ ತಡೆಯುತ್ತಿರಲಿಲ್ಲ. ಕಸ್ತೂರಿ ಮಾತ್ರ ಮೆಲ್ಲಗೆ ಕೇಳಿದಳು:

“ಅಪ್ಪ ಉಳೀತಾರೇನ್ರೀ?”

 ಗದಿಗೆಪ್ಪ ಅಲಗನ್ನು ಕೆಳಗಿಟ್ಟನು. ತಲೆಯೆತ್ತದೆ, ಹತ್ತೊಂಬತ್ತು ದಿನಗಳ ವೈರಿಗೆ ಅಂದನು:

“ಯಮನೂರಪ್ಪ, ಕಂಬಳಿ ತಾ.”

ಯಮನೂರಪ್ಪ ಆಗಲೇ ತಂದು ಹಿಂದೆ ನಿಂತಿದ್ದನು. ಅಂದೇ ಹೇಳಿದ್ದೆ ಎಂದು ಹಂಗಿಸಲಿಲ್ಲ. ಆ ಔದಾರ್ಯವನ್ನು ಗದಿಗೆಪ್ಪ ಸಾಯುವವರೆಗೆ ಮರೆಯುವಂತಿಲ್ಲ. ಕಂಬಳಿ ತಲೆಯಡಿ ಹೋಯಿತು, ಕಿವಿ ಎದೆಯ ಮಟ್ಟಕ್ಕೆ ಬಂತು, ದವಡೆ ಮುಂದಕ್ಕೆದ್ದಿತು, ಕರಗಿಹೋಗಿದ್ದ ಕುತ್ತಿಗೆ ಎಲ್ಲಿಂದಲೋ ನಾಲ್ಕು ಬೆರಳು ಹೊರಗೆ ಬಂತು. ಗದಿಗೆಪ್ಪ ಎರಡೂ ಕೈಯಲ್ಲಿ ಮಾಸ್ಕು ಒತ್ತಿ ಹಿಡಿದನು. ಪೈಲಟ್ ಐದರವರೆಗೆ ಎಣಿಸಿ ಚೀಲ ಹಿಚುಕಿದನು, ಮತ್ತೆ ಎಣಿಸಿದನು, ಮತ್ತೆ ಹಿಚುಕಿದನು. ಬಾಳಪ್ಪನ ಎದೆ ಏರಿತು, ಇಳಿಯಿತು. ಗೊಂಬೆಯ ಎದೆಯೂ ಹೀಗೇ ಏರಿತ್ತು, ಆದರೆ ಅಂದು ಗದಿಗೆಪ್ಪನಿಗೆ ಕಣ್ಣು ತುಂಬಿರಲಿಲ್ಲ. ಎಂಬತ್ತು, ಎಂಬತ್ತೆಂಟು, ತೊಂಬತ್ತಾರು.

ಗದಿಗೆಪ್ಪನ ಬುದ್ಧಿಗೂ ಗಾಳಿ ಆಡಿದ ಮೇಲೆ, ಮೊದಲೇ ಕೇಳಬೇಕಾಗಿದ್ದನ್ನು ಕೇಳಿದನು: ಇವರಿಗೆ ಸಕ್ಕರೆ ಕಾಯಿಲೆಯೇ?

“ಹೌದ್ರೀ,” ಎಂದಳು ಕಸ್ತೂರಿ. “ಮುಂಜಾನೆ ಇಂಜೆಕ್ಷನ್ ತಗೊಂಡಾರ. ಧಾರಿ ಎರಿಯೋ ತನಕ ಏನೂ ತಿನ್ನಬಾರದಂತ ಉಪಾಸ ಅದಾರ.”

ಬೆರಳು ಚುಚ್ಚಿ ನೋಡಿದರೆ ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಮೂವತ್ತೊಂದು. ಮೃತ್ಯುವೂ ಅಲ್ಲ, ಯಮನೂ ಅಲ್ಲ. ಸೂಜಿಗೆ ನಿಯತ್ತು, ಶಾಸ್ತ್ರಕ್ಕೂ ನಿಯತ್ತು ಎಂದು ಹಟ ಹಿಡಿದ ಒಂದು ಖಾಲಿ ಹೊಟ್ಟೆ. ನರದೊಳಗೆ ಗ್ಲೂಕೋಸ್ ಇಳಿಯಿತು. ಸ್ವಲ್ಪ ಹೊತ್ತಿಗೆ ಬಾಳಪ್ಪ ತಾನೇ ಉಸಿರೆಳೆದು, ಕಣ್ಣು ಬಿಟ್ಟು, ಮಾಸ್ಕು ಸರಿಸಿದನು. ಇನ್ನೂರು ಜನರ ನಡುವೆ, ಮೃತ್ಯುಮುಖದಿಂದ ಮರಳಿದವನ ಮೊದಲ ವಾಕ್ಯಕ್ಕೆ ಗದಿಗೆಪ್ಪ ಬಾಗಿ ಕಿವಿಗೊಟ್ಟನು.

“ಈ ಕಂಬಳಿ ಯಾರದು? ಬೆನ್ನಿನ ಮುಲಾಮು ನಾರತೈತಿ.”

ಕಸ್ತೂರಿ ಅಳುತ್ತಲೇ ನಕ್ಕಳು. ಮುಹೂರ್ತ ಮೀರುವ ಮೊದಲು ಸೋದರಮಾವ ಧಾರೆ ಎರೆದನು. ಬಾಳಪ್ಪ ಸ್ಟ್ರೆಚರಿನ ಮೇಲಿನಿಂದಲೇ ನಾಲ್ಕು ಕಾಳು ಅಕ್ಷತೆ ಎಸೆದು, ಒಂದು ಬುಂದಿಲಾಡು ತಿಂದು, ದೊಡ್ಡಾಸ್ಪತ್ರೆಗೆ ಹೊರಟನು. ಆ ದಿನದ ವರದಿಯ ನಮೂನೆಯಲ್ಲಿ ನಳಿಕೆಗೆ ದೊಡ್ಡ ಅಂಕಣವಿತ್ತು, ಕಂಬಳಿಗೆ ಇರಲಿಲ್ಲ. ‘ಇತರೆ’ ಎಂಬಲ್ಲಿ ಗದಿಗೆಪ್ಪ ಬರೆದನು: ತಲೆಯಡಿ ಮಡಿಚಿದ ಕಂಬಳಿ ಇಡಲಾಯಿತು.

ಠಾಣ್ಯಕ್ಕೆ ಮರಳಿದವನೇ ಗಡಿಯಾರದ ಸೆಲ್ಲು ತೆಗೆದು ಅಲಗಿಗೆ ಹಾಕಿದನು, ಗಡಿಯಾರ ಮೂರೂ ಹತ್ತಕ್ಕೆ ನಿಂತಿತು. ಕಂಬಳಿಯನ್ನು ಒಗೆದು ಹಗ್ಗಕ್ಕೆ ಹಾಕಿ, ಅದರ ಜಾಗಕ್ಕೆ ಮನೆಯಿಂದ ತಂದಿದ್ದ ಟವೆಲ್ಲನ್ನು ಸ್ಟ್ರೆಚರಿನ ತಲೆಯ ಕಡೆ ಮಡಿಚಿಟ್ಟನು. ಡ್ಯೂಟಿ ಮುಗಿಯಲು ಎಷ್ಟು ಹೊತ್ತಿದೆ ಎಂದು ಇಬ್ಬರೂ ನೋಡಲು ಹೋಗಲಿಲ್ಲ. ಅಷ್ಟು ಹೊತ್ತೂ ಆ ಮೃತ್ಯುಂಜಯನು, ಆ ಶ್ವಾಸಮಾರ್ಗಸಂರಕ್ಷಕನು, ಭಜಿಗಾಡಿಯ ಪಕ್ಕ ನಿಂತೇ ಇದ್ದನು. ಕೂತರೆ ಬೆನ್ನು ನೋಯುತ್ತಿತ್ತು.